ಪಹಣಿಯಲ್ಲಿ ಹೆಸರಿಲ್ಲದವರ ಪಾಲೆಷ್ಟು?

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸೋಲಾರ್ ಪಾರ್ಕ್ ಮಾಡುವಾಗ ಸರ್ಕಾರ ರೈತರ ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ. ಬಾಡಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, 28 ವರ್ಷದ ಒಪ್ಪಂದ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಒಡೆತನ ರೈತರದ್ದೇ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ ಹೀಗೆ ಸೇರಿತು. 2018ರಲ್ಲಿ ಮೊದಲ ಹಂತದ ಕರೆಂಟ್ ಬಂತು. 2019ರ ಕೊನೆಗೆ ಪೂರ್ತಿ 2,050 ಮೆಗಾವ್ಯಾಟ್ ಸಿದ್ಧವಾಯಿತು. ಜಗತ್ತಿನ ಅತಿ ದೊಡ್ಡ ಸೋಲಾರ್ ಪಾರ್ಕ್‌ಗಳ ಸಾಲಿಗೆ ಪಾವಗಡ ಸೇರಿತು.

ಮಳೆ ನಂಬಿ ಕಡ್ಲೆಕಾಯಿ ಬಿತ್ತುವ ಊರುಗಳು ಅವು. ಬೋರ್‌ವೆಲ್ ಕೊರೆಸಿದರೆ ಫ್ಲೋರೈಡ್ ನೀರು. ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಪಾವಗಡದ ಹೆಸರಿಲ್ಲದ ವರ್ಷವನ್ನು ಹುಡುಕಬೇಕು. ಅಂಥ ಕಡೆ ಐದೆಕರೆ ಇದ್ದವರಿಗೆ ವರ್ಷಕ್ಕೆ 1,05,000 ರೂಪಾಯಿ ಖಾತ್ರಿ ಹಣ ಅಂದರೆ ಸಣ್ಣ ಮಾತಲ್ಲ. ಕಡ್ಲೆಕಾಯಿ ಯಾವತ್ತೂ ಇಂಥ ಖಾತ್ರಿ ಕೊಟ್ಟಿರಲಿಲ್ಲ. ಪಾವಗಡದ ಮಾದರಿಯನ್ನು ಹೊಗಳಿದವರು ಸುಮ್ನೆ ಹೊಗಳಿಲ್ಲ.

ಆದರೆ ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕೂಲಿಗೆ ಕಳೆ ಕೀಳುತ್ತಿದ್ದವರಿದ್ದರು. ಗಿಡ ಕಿತ್ತು, ಗುಡ್ಡೆ ಹಾಕಿ, ಮರದ ನೆರಳಲ್ಲಿ ಕೂತು ಕಾಯಿ ಬಿಡಿಸುತ್ತಿದ್ದ ಹೆಂಗಸರಿದ್ದರು. ಬೇರೆಯವರ ಜಮೀನನ್ನು ವಾರಕ್ಕೆ ಮಾಡಿ ಬೆಳೆಯಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದವರಿದ್ದರು. ಸುಗ್ಗಿ ಮುಗಿದ ಮೇಲೆ ಖಾಲಿ ಹೊಲಕ್ಕೆ ಕುರಿ ಬಿಡುತ್ತಿದ್ದವರಿದ್ದರು. ಇವರೆಲ್ಲರ ಬದುಕು ಆ ಜಮೀನಿನ ಮೇಲೇ ನಿಂತಿತ್ತು, ಪಹಣಿಯಲ್ಲಿ ಮಾತ್ರ ಹೆಸರಿರಲಿಲ್ಲ. ಬೇಲಿ ಬಿದ್ದ ದಿನ ಅವರ ಕೆಲಸ ಹೋಯಿತು, ಬಾಡಿಗೆ ಅವರ ಮನೆಗೆ ಬರಲಿಲ್ಲ. ಪಾರ್ಕ್ ಕಟ್ಟುವಾಗ ಕಂಬ ನೆಡಲು, ಪ್ಯಾನೆಲ್ ಜೋಡಿಸಲು ಜಾಸ್ತಿ ಜನ ಬೇಕಿತ್ತು. ಕಟ್ಟಿದ ಮೇಲೆ ಉಳಿದಿದ್ದು ಹುಲ್ಲು ಕತ್ತರಿಸುವುದು, ಪ್ಯಾನೆಲ್ ತೊಳೆಯುವುದು, ಗೇಟ್ ಕಾಯುವುದು. ಅದಕ್ಕೆ ಎಷ್ಟು ಜನ ಬೇಕಾದಾರು?

ಹವಾಮಾನ ಬದಲಾವಣೆಯ ಸಭೆಗಳಲ್ಲಿ ಈಚೆಗೆ 'ಜಸ್ಟ್ ಟ್ರಾನ್ಸಿಷನ್' ಎಂಬ ಮಾತು ಪದೇ ಪದೇ ಕೇಳುತ್ತದೆ. ಕಲ್ಲಿದ್ದಲು, ಪೆಟ್ರೋಲ್ ಬಿಟ್ಟು ಗಾಳಿ, ಬಿಸಿಲಿನ ಕರೆಂಟಿಗೆ ಬರುವಾಗ ಯಾರ ಹೊಟ್ಟೆಯ ಮೇಲೂ ಹೊಡೆಯಬಾರದು, ಲಾಭ ಕೆಲವರಿಗೆ ನಷ್ಟ ಕೆಲವರಿಗೆ ಆಗಬಾರದು ಅನ್ನುವುದು ಇದರ ಸಾರ. ಈ ಯೋಚನೆ ಮೊದಲು ಹುಟ್ಟಿದ್ದು ಅಮೆರಿಕದ ಕಾರ್ಮಿಕ ಸಂಘಗಳಲ್ಲಿ. ರಾಸಾಯನಿಕ, ಪರಮಾಣು ಕಾರ್ಖಾನೆಗಳ ಕಾರ್ಮಿಕರ ನಾಯಕ ಟೋನಿ ಮಜೋಚಿ ಅದನ್ನು ಮುಂದಿಟ್ಟವರು. ಪರಿಸರಕ್ಕಾಗಿ ಕಾರ್ಖಾನೆ ಮುಚ್ಚುವುದಾದರೆ ಕಾರ್ಮಿಕರ ಸಂಬಳ ಮತ್ತು ಓದಿಗೂ ಹಣ ತೆಗೆದಿಡಿ ಎಂಬುದು ಅವರ ಒತ್ತಾಯ. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲೂ ಈ ಮಾತು ಬಂತು. ಮಾತೇನೋ ಎಲ್ಲರೂ ಒಪ್ಪುತ್ತಾರೆ. ಹಣ ಹಂಚುವ ಹೊತ್ತಿಗೆ ಮಾತ್ರ ಪಟ್ಟಿ ಹೊರಬರುತ್ತದೆ, ಪಟ್ಟಿಯಲ್ಲಿ ಹೆಸರಿಲ್ಲದವರು ಪಕ್ಕಕ್ಕೆ ಸರಿಯುತ್ತಾರೆ. ಬಡ ದೇಶಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಇಲ್ಲಿ ದುಡಿಯುವವರಲ್ಲಿ ಹೆಚ್ಚಿನವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲವಲ್ಲ.

ಕಲ್ಲಿದ್ದಲು ನಮ್ಮ ಮನೆಯೊಳಗೆ ಎಷ್ಟಿದೆ

ಮೊದಲು ಒಂದು ಗೊಂದಲ ತೀರಿಸಿಕೊಳ್ಳೋಣ. 2025ರಲ್ಲಿ ಭಾರತದ ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ಅನಿಲ, ಡೀಸೆಲ್ ಬಿಟ್ಟು ಬೇರೆ ಮೂಲಗಳಿಂದ ಎಂದು ಸುದ್ದಿಯಾಯಿತು. ನಿಜ. ಆದರೆ ಅದು ಸಾಮರ್ಥ್ಯದ ಲೆಕ್ಕ. ಸೂರ್ಯ ರಾತ್ರಿ ಇರುವುದಿಲ್ಲ, ಗಾಳಿ ಎಲ್ಲ ತಿಂಗಳು ಒಂದೇ ತರಹ ಬೀಸುವುದಿಲ್ಲ. ನಾವು ನಿಜವಾಗಿ ಬಳಸುವ ಯೂನಿಟ್‌ಗಳನ್ನು ಎಣಿಸಿದರೆ ಹತ್ತರಲ್ಲಿ ಏಳರಷ್ಟು ಈಗಲೂ ಕಲ್ಲಿದ್ದಲಿನಿಂದಲೇ ಬರುತ್ತವೆ.

ಕಲ್ಲಿದ್ದಲು ಬರೀ ಕರೆಂಟಿನ ವಿಷಯವೂ ಅಲ್ಲ. ರೈಲ್ವೆ ಸಾಗಿಸುವ ಸರಕಿನಲ್ಲಿ ಹತ್ತಿರ ಹತ್ತಿರ ಅರ್ಧ ಕಲ್ಲಿದ್ದಲು. ಪ್ರಯಾಣಿಕರ ಟಿಕೆಟ್ ಅಗ್ಗವಾಗಿರುವುದು ಸರಕಿನ ಆದಾಯದ ಬಲದಿಂದ. ಅಂದರೆ ರಾಯಚೂರಿಗೋ ಧಾರವಾಡಕ್ಕೋ ಪ್ಯಾಸೆಂಜರ್ ರೈಲಿನಲ್ಲಿ ಹೋಗುವವರ ಟಿಕೆಟಿನಲ್ಲೂ ಕಲ್ಲಿದ್ದಲಿನ ಪಾಲಿದೆ. ಜಾರ್ಖಂಡ್, ಛತ್ತೀಸಗಡ, ಒಡಿಶಾ ರಾಜ್ಯಗಳ ಖಜಾನೆಗೆ ರಾಯಲ್ಟಿ ಹೋಗುತ್ತದೆ. ಕೋಲ್ ಇಂಡಿಯಾ ಒಂದರಲ್ಲೇ ಎರಡು ಲಕ್ಷಕ್ಕೂ ಹೆಚ್ಚು ಖಾಯಂ ನೌಕರರಿದ್ದಾರೆ. ಗುತ್ತಿಗೆ ಕಾರ್ಮಿಕರು ಬೇರೆ.

ಅವರೂ ಅಲ್ಲದ ಇನ್ನೊಂದು ಗುಂಪಿದೆ. ಧನಬಾದ್, ಬೊಕಾರೊ, ರಾಮಗಡದ ರಸ್ತೆಗಳಲ್ಲಿ ಬೆಳಗಿನ ಜಾವ ಸೈಕಲ್ ತಳ್ಳಿಕೊಂಡು ಹೋಗುವವರನ್ನು ನೋಡಬಹುದು. ಗಣಿಯ ಅಂಚಿನಲ್ಲಿ, ಬಿಟ್ಟುಹೋದ ಗುಂಡಿಗಳಲ್ಲಿ ಆರಿಸಿದ ಕಲ್ಲಿದ್ದಲನ್ನು ಚೀಲಕ್ಕೆ ತುಂಬಿ, ಸೈಕಲ್ಲಿನ ಎರಡೂ ಕಡೆ ಮತ್ತು ನಡುವಿನ ಕಂಬಿಗೆ ಬಿಗಿದಿರುತ್ತಾರೆ. ಎರಡು ಕ್ವಿಂಟಲ್‌ವರೆಗೂ ತೂಕ. ಪೆಡಲ್ ತುಳಿಯಲು ಜಾಗವೇ ಇರುವುದಿಲ್ಲ, ಹತ್ತಾರು ಕಿಲೋಮೀಟರ್ ತಳ್ಳಿಕೊಂಡೇ ಹೋಗಬೇಕು. ಊರಿನ ಹೋಟೆಲುಗಳಿಗೆ, ಮನೆಗಳಿಗೆ ಮಾರುತ್ತಾರೆ. ಕಾನೂನಿನ ಕಣ್ಣಿಗೆ ಅವರು ಕಳ್ಳರು. ಗಣಿ ಮುಚ್ಚಿದ ದಿನ ಇವರಿಗೆ ಪರಿಹಾರ ಕೊಡಿ ಎಂದು ಯಾರು ಅರ್ಜಿ ಬರೆಯಬೇಕು? ಜಾರ್ಖಂಡ್ ಸರ್ಕಾರ 2022ರಲ್ಲಿ ಈ 'ಜಸ್ಟ್ ಟ್ರಾನ್ಸಿಷನ್'ಗೆಂದೇ ಕಾರ್ಯಪಡೆ ರಚಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು.

ಹಾಗಾದರೆ ಕಲ್ಲಿದ್ದಲು ಬಿಡುವುದೇ ಬೇಡವಾ? ಬಿಡಲೇಬೇಕು. ಬಿಸಿಗಾಳಿ ಮೊದಲು ಹೊಡೆಯುವುದೂ ಇದೇ ಕೂಲಿಯವರಿಗೆ. ಆದರೆ ಎಷ್ಟು ಬೇಗ ಬಿಡಬೇಕು, ಖರ್ಚು ಯಾರದ್ದು ಎನ್ನುವ ಜಗಳ ನ್ಯಾಯವಾದದ್ದೇ. ಒಬ್ಬ ಭಾರತೀಯನ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಮೆರಿಕದವನ ಲೆಕ್ಕಕ್ಕೆ 14 ಟನ್ ಆಸುಪಾಸು. ಕೈಗಾರಿಕೆಗಳು ಶುರುವಾದಾಗಿನಿಂದ ಈವರೆಗೆ ಗಾಳಿಗೆ ಸೇರಿದ್ದರಲ್ಲಿ ಅಮೆರಿಕದ ಪಾಲು ಕಾಲು ಭಾಗದಷ್ಟಾದರೆ ಭಾರತದ್ದು ಶೇ 4ರ ಒಳಗೆ. 2021ರ ಗ್ಲಾಸ್ಗೊ ಹವಾಮಾನ ಸಭೆಯಲ್ಲಿ ಭಾರತ 2070ರ ಹೊತ್ತಿಗೆ ನಿವ್ವಳ ಶೂನ್ಯ, ಅಂದರೆ ಗಾಳಿಗೆ ಬಿಟ್ಟಷ್ಟನ್ನೂ ವಾಪಸ್ ಹೀರಿಕೊಳ್ಳುವ ಸ್ಥಿತಿ, ಎಂದು ಹೇಳಿದ್ದಕ್ಕೂ, ಕಲ್ಲಿದ್ದಲನ್ನು ನಿಲ್ಲಿಸುತ್ತೇವೆ ಅನ್ನದೆ ಕಡಿಮೆ ಮಾಡುತ್ತೇವೆ ಎಂದು ಕೊನೆಯ ಗಳಿಗೆಯಲ್ಲಿ ಪಟ್ಟು ಹಿಡಿದಿದ್ದಕ್ಕೂ ಹಿಂದಿರುವ ಲೆಕ್ಕ ಇದು.

ನಾವೂ ಪೂರ್ತಿ ಸಾಚಾ ಏನಲ್ಲ. 2010ರಲ್ಲಿ ಕೇಂದ್ರ ಸರ್ಕಾರ ಪ್ರತಿ ಟನ್ ಕಲ್ಲಿದ್ದಲಿನ ಮೇಲೆ 50 ರೂಪಾಯಿ ಸೆಸ್ ಹಾಕಿತು. ಶುದ್ಧ ಇಂಧನಕ್ಕೆ ಹಣ ಕೂಡಿಸುವುದು ಉದ್ದೇಶ. 2016ರ ಹೊತ್ತಿಗೆ ಅದು 400 ರೂಪಾಯಿ ಆಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ 400 ರೂಪಾಯಿಯನ್ನು ರಾಜ್ಯಗಳ ತೆರಿಗೆ ನಷ್ಟ ತುಂಬಿಕೊಡುವ ಲೆಕ್ಕಕ್ಕೆ ತಿರುಗಿಸಲಾಯಿತು. ಕಲ್ಲಿದ್ದಲು ಜಿಲ್ಲೆಗಳ ಮುಂದಿನ ಬದುಕಿಗೆ ಎತ್ತಿಡಬಹುದಾಗಿದ್ದ ಹಣ ಅದು. 2025ರಲ್ಲಿ ಆ ಸೆಸ್ಸೂ ಹೋಗಿ ಜಿಎಸ್‌ಟಿ ದರದಲ್ಲಿ ಸೇರಿಕೊಂಡಿತು.

ಕೊಮಾಟಿಯಲ್ಲಿ ಆಗಿದ್ದು

ಇಡೀ ಜಗತ್ತು 'ಮಾದರಿ' ಎಂದು ನೋಡುತ್ತಿದ್ದ ಊರು ಕೊಮಾಟಿ. ದಕ್ಷಿಣ ಆಫ್ರಿಕಾದ ಎಂಪುಮಲಂಗಾ ಪ್ರಾಂತ್ಯದಲ್ಲಿದೆ. ಆ ದೇಶದ ಕರೆಂಟಿನಲ್ಲಿ ಶೇ 80ರಷ್ಟು ಕಲ್ಲಿದ್ದಲಿನದ್ದು, ಬಹುಪಾಲು ಗಣಿಗಳಿರುವುದು ಇದೇ ಪ್ರಾಂತ್ಯದಲ್ಲಿ. ಗಣಿಗಳಲ್ಲಿ ಸುಮಾರು 90,000 ಜನ ಕೆಲಸ ಮಾಡುತ್ತಾರೆ. ಕೊಮಾಟಿ ಸ್ಥಾವರ 1961ರಲ್ಲಿ ಶುರುವಾಗಿದ್ದು, ಸರ್ಕಾರಿ ಕಂಪನಿ ಎಸ್ಕಾಂನದ್ದು. ನಮ್ಮಲ್ಲಿ ಹಳ್ಳಿಗೆ ಕರೆಂಟ್ ಕೊಡುವವರನ್ನೂ ಎಸ್ಕಾಂ ಅಂತಲೇ ಕರೆಯುತ್ತೇವೆ, ಇದು ಬೇರೆ. 2022ರ ಅಕ್ಟೋಬರ್ 31ರಂದು ಕೊಮಾಟಿಯ ಕೊನೆಯ ಘಟಕ ನಿಂತಿತು.

ಅದಕ್ಕೆ ಒಂದು ವರ್ಷ ಮುಂಚೆ ಗ್ಲಾಸ್ಗೊದಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ, ಅಮೆರಿಕ ಮತ್ತು ಯುರೋಪ್ ಒಕ್ಕೂಟ ಸೇರಿ ದಕ್ಷಿಣ ಆಫ್ರಿಕಾಕ್ಕೆ 850 ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿದ್ದವು. ಆಮೇಲೆ ಇಂಡೋನೇಷ್ಯಾ, ವಿಯೆಟ್ನಾಂ, ಸೆನೆಗಲ್ ಜೊತೆಗೂ ಇಂಥದ್ದೇ ಒಪ್ಪಂದಗಳಾದವು. ಕೇಳಲು ದೊಡ್ಡ ಮೊತ್ತ. ಒಳಗೆ ನೋಡಿದರೆ ಬಹುಪಾಲು ಸಾಲ. ಕೊಮಾಟಿಗೆಂದೇ ವಿಶ್ವಬ್ಯಾಂಕ್ 49.7 ಕೋಟಿ ಡಾಲರ್ ಮಂಜೂರು ಮಾಡಿತು. ಅದರಲ್ಲಿ ವಾಪಸ್ ಕಟ್ಟಬೇಕಿಲ್ಲದ ಅನುದಾನ 1 ಕೋಟಿ ಡಾಲರ್. ಮಿಕ್ಕಿದ್ದೆಲ್ಲ ಸಾಲವೇ, ಅದರಲ್ಲಿ ಸ್ವಲ್ಪ ಮಾತ್ರ ಕಡಿಮೆ ಬಡ್ಡಿಯದ್ದು.

ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು. 150 ಮೆಗಾವ್ಯಾಟ್ ಸೋಲಾರ್, 70 ಮೆಗಾವ್ಯಾಟ್ ಗಾಳಿ, 150 ಮೆಗಾವ್ಯಾಟ್ ಬ್ಯಾಟರಿ, ಜೊತೆಗೆ ತರಬೇತಿ ಕೇಂದ್ರ. ಆದರೆ ಸ್ಥಾವರ ಮೊದಲು ನಿಂತಿತು, ಬದಲಿ ಕೆಲಸ ಆಮೇಲೆ ಬರಬೇಕಾಯಿತು. ಎಸ್ಕಾಂನ ಖಾಯಂ ನೌಕರರಿಗೆ ಬೇರೆ ಸ್ಥಾವರಗಳಿಗೆ ವರ್ಗವಾಯಿತು. ಗುತ್ತಿಗೆ ಕಾರ್ಮಿಕರಿಗೆ ವರ್ಗ ಎಲ್ಲಿಂದ ಬರಬೇಕು? ಖಾಯಂ ನೌಕರರು ಊರು ಬಿಟ್ಟ ಮೇಲೆ ಅಂಗಡಿಗಳಿಗೆ ಗಿರಾಕಿಯಿಲ್ಲ, ಬಾಡಿಗೆ ಮನೆಗಳು ಖಾಲಿ. ಆ ದೇಶದ ಅಧ್ಯಕ್ಷರ ಹವಾಮಾನ ಆಯೋಗವೇ ಆಮೇಲೆ ಪರಿಶೀಲಿಸಿ, ತಯಾರಿ ತಡವಾಗಿ ಶುರುವಾಯಿತು, ಊರಿನವರ ಜೊತೆ ಮಾತುಕತೆ ಸಾಲಲಿಲ್ಲ ಎಂದಿತು. ಅದೇ ಹೊತ್ತಿಗೆ ಇಡೀ ದೇಶದಲ್ಲಿ ದಿನಕ್ಕೆ ಗಂಟೆಗಟ್ಟಲೆ ಲೋಡ್ ಶೆಡ್ಡಿಂಗ್. ಕರೆಂಟೇ ಇಲ್ಲದಾಗ ಇರುವ ಸ್ಥಾವರವನ್ನು ಯಾಕೆ ಮುಚ್ಚಿದಿರಿ ಎಂದು ಜನ ಕೇಳಿದರೆ ತಪ್ಪೇನು? ಸ್ಥಾವರ ಹಳೆಯದಾಗಿತ್ತು, ಕೊನೆಗೆ ಓಡುತ್ತಿದ್ದದ್ದು ಒಂದೇ ಘಟಕ ಎಂಬ ಉತ್ತರವೂ ನಿಜವೇ. ಆದರೆ ಕೆಲಸ ಕಳೆದುಕೊಂಡವನ ಮುಂದೆ ಆ ಉತ್ತರ ನಿಲ್ಲುವುದಿಲ್ಲ. ಸೋಲಾರ್ ಅಂದರೆ ನಮ್ಮ ಕೆಲಸ ಕಿತ್ತುಕೊಂಡದ್ದು ಅಂತಲೇ ಅವನು ನೆನಪಿಟ್ಟುಕೊಳ್ಳುತ್ತಾನೆ. 2025ರ ಮಾರ್ಚ್‌ನಲ್ಲಿ ಅಮೆರಿಕ ಈ ಒಪ್ಪಂದದಿಂದ ಹೊರಗೂ ನಡೆಯಿತು.

ಜರ್ಮನಿಯನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಕಂದು ಕಲ್ಲಿದ್ದಲಿನ ಉದ್ಯಮದಲ್ಲಿ ನೇರವಾಗಿ ಕೆಲಸ ಮಾಡುವವರು ಸುಮಾರು 20,000. 2038ರೊಳಗೆ ಕಲ್ಲಿದ್ದಲು ಬಿಡಬೇಕು ಎಂದು 2020ರಲ್ಲಿ ಕಾನೂನು ಮಾಡಿದಾಗ, ಆ ಪ್ರದೇಶಗಳಿಗೆ 4,000 ಕೋಟಿ ಯೂರೊವರೆಗೆ ಎತ್ತಿಟ್ಟರು. ಸ್ವಂತ ಹಣ, ಹದಿನೆಂಟು ವರ್ಷ ಸಮಯ. ಅದೇ ದೇಶ ಇತರರ ಜೊತೆ ಸೇರಿ 90,000 ಗಣಿ ಕಾರ್ಮಿಕರ ದೇಶಕ್ಕೆ ಕೊಡಲು ಒಪ್ಪಿದ್ದು 850 ಕೋಟಿ ಡಾಲರ್, ಅದೂ ಹೆಚ್ಚಾಗಿ ಸಾಲದ ರೂಪದಲ್ಲಿ. ನ್ಯಾಯ ಅಂದರೇನು ಎಂದು ದೊಡ್ಡ ಪುಸ್ತಕ ಓದಬೇಕಿಲ್ಲ, ಈ ಎರಡು ಮೊತ್ತ ಸಾಕು ಅಲ್ವಾ?

ಬಡ್ಡಿ ಎಂಬ ಕಾಣದ ಖರ್ಚು

ಸಾಲದ ಬಡ್ಡಿ ಇಷ್ಟು ಮುಖ್ಯ ಯಾಕೆ ಅನ್ನುವುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಜನ ಇದನ್ನು ದಾಟಿ ಹೋಗುತ್ತಾರೆ. ಕಲ್ಲಿದ್ದಲು ಸ್ಥಾವರದ ಖರ್ಚು ವರ್ಷ ವರ್ಷ ಹರಡಿಕೊಂಡಿರುತ್ತದೆ, ಇಂಧನ ಕೊಳ್ಳುತ್ತಲೇ ಇರಬೇಕು. ಸೋಲಾರ್‌ಗೆ ಬಿಸಿಲು ಪುಕ್ಕಟೆ. ಬಹುಪಾಲು ಖರ್ಚು ಮೊದಲ ದಿನವೇ ಆಗಿಬಿಡುತ್ತದೆ. ಮೊದಲ ದಿನದ ದೊಡ್ಡ ಖರ್ಚು ಅಂದರೆ ಸಾಲ, ಸಾಲ ಅಂದರೆ ಬಡ್ಡಿ.

ಒಂದು ಕೋಟಿ ರೂಪಾಯಿಯ ಸೋಲಾರ್ ಘಟಕ, 20 ವರ್ಷದ ಸಾಲ ಅಂದುಕೊಳ್ಳಿ. ಶೇ 4ರ ಬಡ್ಡಿಯಾದರೆ ವರ್ಷಕ್ಕೆ ಕಟ್ಟಬೇಕಾದ ಕಂತು ಸುಮಾರು 7.36 ಲಕ್ಷ. ಶೇ 10 ಆದರೆ 11.75 ಲಕ್ಷ. ಪ್ಯಾನೆಲ್ ಅದೇ, ಬಿಸಿಲು ಅದೇ, ಕರೆಂಟ್ ಮಾತ್ರ ಹೆಚ್ಚು ಕಡಿಮೆ ಒಂದೂವರೆ ಪಟ್ಟು ದುಬಾರಿ. ಶ್ರೀಮಂತ ದೇಶದ ಕಂಪನಿಗೆ ಮೊದಲ ಬಗೆಯ ಸಾಲ ಸಿಗುತ್ತದೆ, ಆಫ್ರಿಕಾದ ದೇಶಗಳಿಗೆ ಎರಡನೆಯದ್ದು ಸಿಕ್ಕರೆ ಪುಣ್ಯ. ಹೆಚ್ಚು ಬಿಸಿಲಿರುವ ದೇಶಗಳಲ್ಲೇ ಸೋಲಾರ್ ಹಿಂದೆ ಬೀಳುವುದಕ್ಕೆ ಇದೊಂದು ದೊಡ್ಡ ಕಾರಣ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಅಂದಿದ್ದವು. ಅವುಗಳದ್ದೇ ಲೆಕ್ಕದ ಪ್ರಕಾರ ಅದು ಮುಟ್ಟಿದ್ದು 2022ರಲ್ಲಿ, ಅದರಲ್ಲೂ ದೊಡ್ಡ ಪಾಲು ಸಾಲ.

ಬಾಡಿಗೆಯ ಲೆಕ್ಕದಲ್ಲೂ ಕಾಲ ಹೀಗೇ ಆಟವಾಡುತ್ತದೆ. ಪಾವಗಡದ 21,000 ರೂಪಾಯಿ ಎರಡು ವರ್ಷಕ್ಕೊಮ್ಮೆ ಶೇ 5 ಏರುತ್ತಾ ಹೋದರೆ 28ನೇ ವರ್ಷಕ್ಕೆ ಸುಮಾರು 39,600 ಆಗುತ್ತದೆ. ಬೆಲೆ ಏರಿಕೆಯನ್ನು ರಿಸರ್ವ್ ಬ್ಯಾಂಕಿನ ಗುರಿಯಾದ ವರ್ಷಕ್ಕೆ ಶೇ 4ಕ್ಕೇ ಹಿಡಿದರೂ, ಮೊದಲ ವರ್ಷದ 21,000ಕ್ಕೆ ಸಿಗುತ್ತಿದ್ದ ಸಾಮಾನು ಕೊಳ್ಳಲು ಆಗ 60,500 ಬೇಕು. ಕೈಗೆ ಬರುವ ನೋಟು ಹೆಚ್ಚಾಗುತ್ತದೆ, ಅದರ ತೂಕ ಮೂರನೇ ಒಂದು ಭಾಗ ಕರಗಿರುತ್ತದೆ. ಎರಡೆಕರೆಯ ರೈತನಿಗೆ ಶುರುವಿನಲ್ಲೇ ಬಾಡಿಗೆ ತಿಂಗಳಿಗೆ 3,500 ರೂಪಾಯಿ ಲೆಕ್ಕ. ಅಲ್ಲಿಂದ ಇಳಿಯುತ್ತಾ ಹೋಗುವುದು ಅಂದರೆ ಯೋಚನೆ ಮಾಡಬೇಕಾದದ್ದೇ.

ಇದನ್ನು ಸರಿಮಾಡುವುದು ರಾಕೆಟ್ ವಿದ್ಯೆಯಲ್ಲ. ಏರಿಕೆಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಬಹುದು. ಮಾರಿದ ಪ್ರತಿ ಯೂನಿಟ್‌ನಲ್ಲಿ ಕೆಲವು ಪೈಸೆಯನ್ನು ಗ್ರಾಮ ಪಂಚಾಯಿತಿಯ ನಿಧಿಗೆ ಹಾಕಿ, ಜಮೀನಿಲ್ಲದ ಮನೆಗಳಿಗೆ ಅದು ಮೊದಲು ಸಲ್ಲಬೇಕು ಎಂದು ಒಪ್ಪಂದದಲ್ಲೇ ಬರೆಯಬಹುದು. ಕಂಪನಿಯ ಸಮಾಜಸೇವೆ ಹಣದಲ್ಲಿ ಶಾಲೆಗೆ ಬಣ್ಣ ಹೊಡೆಸುವುದು ಒಂದು ಮಾತು, ಹಕ್ಕಿನ ಪಾಲು ಇನ್ನೊಂದು ಮಾತು. ಆಸ್ಟ್ರೇಲಿಯ, ಅಮೆರಿಕದ ಸೋಲಾರ್ ಪಾರ್ಕ್‌ಗಳಲ್ಲಿ ಪ್ಯಾನೆಲ್ ಕೆಳಗೆ ಕುರಿ ಮೇಯಿಸುತ್ತಾರೆ. ಹುಲ್ಲು ಕತ್ತರಿಸುವ ಖರ್ಚೂ ಉಳಿಯುತ್ತದೆ. ಪಾವಗಡದಂಥ ಕುರಿ ಸೀಮೆಗೆ ಇದಕ್ಕಿಂತ ಹೊಂದುವ ವಿದ್ಯೆ ಯಾವುದು? ಮೇಕೆ ಮಾತ್ರ ಬೇಡ, ಪ್ಯಾನೆಲ್ ಮೇಲೇ ಹತ್ತಿಬಿಡುತ್ತದೆ. ಇನ್ನು 28 ವರ್ಷದ ನಂತರದ ಮಾತು. ಬದು ಸಮ ಮಾಡಿದ ಜಮೀನಿನಲ್ಲಿ ಯಾರದ್ದು ಎಲ್ಲಿಯವರೆಗೆ ಎಂದು ಮತ್ತೆ ಅಳೆದು ಕೊಡುವವರು ಯಾರು, ಹಳೆಯ ಪ್ಯಾನೆಲ್ ಎತ್ತುವವರು ಯಾರು? ಇ-ತ್ಯಾಜ್ಯದ 2022ರ ನಿಯಮಗಳಲ್ಲಿ ಸೋಲಾರ್ ಪ್ಯಾನೆಲ್ ಸೇರಿದೆ. ಹೊಲವನ್ನು ಮೊದಲಿನಂತೆ ಮಾಡಿಕೊಡುವ ಮಾತು ಒಪ್ಪಂದದಲ್ಲೇ ಗಟ್ಟಿಯಾಗಿ ಇರಬೇಕು.

ಮುಚ್ಚುವುದನ್ನು ನಾವು ನೋಡಿಲ್ಲವೇ?

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಆದರೆ ಒಂದೇ ಉದ್ಯಮ ನಂಬಿದ ಊರು ಏನಾಗುತ್ತದೆ ಅನ್ನುವುದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ. ಕೆಜಿಎಫ್‌ನ ಚಿನ್ನದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಹೋಗಿತ್ತು, ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೇಲೆ. ಭಾರತ್ ಗೋಲ್ಡ್ ಮೈನ್ಸ್ 2001ರಲ್ಲಿ ಮುಚ್ಚಿತು. ಕಾರಣ ಪರಿಸರವಲ್ಲ, ನಷ್ಟ. ಪರಿಣಾಮ ಮಾತ್ರ ಅದೇ. ಮುಚ್ಚುವ ಮೊದಲು ಬೇರೆ ಕೆಲಸ ಹುಟ್ಟಲಿಲ್ಲ. ಇವತ್ತಿಗೂ ಮಾರಿಕುಪ್ಪಂ ನಿಲ್ದಾಣದಿಂದ ಬೆಳಗಿನ ರೈಲುಗಳಲ್ಲಿ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿಗೆ ದುಡಿಯಲು ಬರುತ್ತಾರೆ, ರಾತ್ರಿ ವಾಪಸ್ ಹೋಗುತ್ತಾರೆ. ಊರಲ್ಲಿ ಉಳಿದಿರುವುದು ಸೈನೈಡ್ ಮಣ್ಣಿನ ದಿಬ್ಬಗಳು. ಕುದುರೆಮುಖದಲ್ಲಿ ಕಾರಣ ಪರಿಸರವೇ ಆಗಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರು ತೆಗೆಯುವುದು ನಿಂತಿತು. ಕಾಡಿಗೆ, ಭದ್ರಾ ನದಿಗೆ ಅದು ಒಳ್ಳೆಯದೇ. ಕಂಪನಿಗೆ ಮಂಗಳೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆ ಮಾಡುವ ಪೆಲೆಟ್ ಘಟಕ ಇತ್ತು. ಟೌನ್‌ಶಿಪ್ ನಂಬಿ ಅಂಗಡಿ ಇಟ್ಟವರಿಗೆ ಏನೂ ಇರಲಿಲ್ಲ.

ಮುಂದಿನ ಸರದಿ ರಾಯಚೂರಿನ ಶಕ್ತಿನಗರದ್ದು ಆಗಬಹುದು. ಅಲ್ಲಿನ ಶಾಖೋತ್ಪನ್ನ ಕೇಂದ್ರ 1,720 ಮೆಗಾವ್ಯಾಟ್‌ನದ್ದು, ಮೊದಲ ಘಟಕ 1985ರದ್ದು. ನಾಲ್ಕು ದಶಕ ದಾಟಿದ ಯಂತ್ರ. 2030ರವರೆಗೆ ಹಳೆಯ ಸ್ಥಾವರಗಳನ್ನು ಮುಚ್ಚಬೇಡಿ ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ಹೇಳಿದೆ. ಅಂದರೆ ಸ್ವಲ್ಪ ಸಮಯ ಸಿಕ್ಕಿದೆ. ಕೊಮಾಟಿಗೆ ಸಿಗದಿದ್ದದ್ದು ಇದೇ.

ಆ ಸಮಯದಲ್ಲಿ ಮಾಡಬೇಕಾದ ಮೊದಲ ಕೆಲಸ ಒಂದು ಪಟ್ಟಿ. ಖಾಯಂ ನೌಕರರ ಹೆಸರು ಕೇಂದ್ರವನ್ನು ನಡೆಸುವ ಕರ್ನಾಟಕ ವಿದ್ಯುತ್ ನಿಗಮದಲ್ಲಿ ಇದ್ದೇ ಇದೆ, ಅವರಿಗೆ ವರ್ಗವೋ ನಿವೃತ್ತಿಯೋ ಆಗುತ್ತದೆ. ಉಳಿದವರದ್ದು ಬೇಕು. ವ್ಯಾಗನ್‌ನಿಂದ ಕಲ್ಲಿದ್ದಲು ಇಳಿಸುವ ಗುತ್ತಿಗೆ ಆಳುಗಳು, ಹಾರುಬೂದಿಯನ್ನು ಸಿಮೆಂಟ್ ಕಾರ್ಖಾನೆಗೆ ಸಾಗಿಸುವ ಟ್ಯಾಂಕರ್ ಚಾಲಕರು ಮತ್ತು ಕ್ಲೀನರ್‌ಗಳು, ಅದೇ ಬೂದಿಯಲ್ಲಿ ಇಟ್ಟಿಗೆ ಹಾಕುವವರು, ಕ್ಯಾಂಟೀನಿನವರು, ಕಾಲೊನಿಯ ಮನೆಗೆಲಸದವರು, ಗೇಟಿನ ಎದುರು ಮಿರ್ಚಿ ಬಜ್ಜಿ ಮಾರುವವರು. ಯಾರು, ಎಷ್ಟು ವರ್ಷದಿಂದ, ಎಷ್ಟು ದುಡಿಮೆ, ಬೇರೆ ಯಾವ ಕೆಲಸ ಬರುತ್ತದೆ ಎಂಬ ವಿವರ ಗ್ರಾಮಸಭೆಯಲ್ಲಿ ಓದಿ ಹೇಳಿ ಬರೆದುಕೊಳ್ಳಬೇಕು. ಘಟಕ ನಿಲ್ಲಿಸುವ ಆದೇಶ ಬರುವ ಮೊದಲೇ ಆ ಪಟ್ಟಿ ಜಿಲ್ಲಾಧಿಕಾರಿಯ ಕಚೇರಿಯಲ್ಲಿ ಇರಬೇಕು. ಒಮ್ಮೆ ಗೇಟು ಮುಚ್ಚಿದರೆ ಗುತ್ತಿಗೆದಾರ ಬೇರೆ ಊರಿಗೆ ಹೋಗಿರುತ್ತಾನೆ, ಅವನ ಹಾಜರಿ ಪುಸ್ತಕವೂ ಅವನ ಜೊತೆ ಹೋಗಿರುತ್ತದೆ.